ಸಂಪಾದಕರ ಉತ್ತರ: ಪ್ಲಿನಿಯ ಗೇಣಿ ಬಾಕಿ

(ಕಳೆದ ಸಂಚಿಕೆಯ ರೋಮನ್ ವಿಲ್ಲಾಗಳ ಲೇಖನ ಓದಿ ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: "ಕಾರಂಜಿ, ಸ್ನಾನಗೃಹ, ಚಿತ್ತಾರದ ನೆಲ ಎಲ್ಲ ವರ್ಣಿಸಿ, ಇವು ಹಳ್ಳಿಗಾಡಿನ ಆರ್ಥಿಕ ಕೇಂದ್ರಗಳೂ ಹೌದು ಎಂದಿದ್ದೀರಿ. ಸಾಹುಕಾರರು ವಿಶ್ರಾಂತಿಗೆ ಹೋಗುತ್ತಿದ್ದ ಬಂಗಲೆಗೆ ಬೇಸಾಯದ ಬಣ್ಣ ಯಾಕೆ? ಎರಡರಲ್ಲಿ ಒಂದು ಹೇಳಿ. ರೋಮನ್ ಲೇಖಕ ಪ್ಲಿನಿಯ ವಿಲ್ಲಾದ ನಕ್ಷೆಯನ್ನಾದರೂ ಹಾಕಬಹುದಿತ್ತು.")

ಮಾನ್ಯರೇ,

ನಿಮ್ಮ ವಾದಕ್ಕೆ ಸಾಕ್ಷಿ ಬೇಕಾದರೆ ಮೊದಲು ನಾನೇ ಒಂದು ಒದಗಿಸುತ್ತೇನೆ. ಕ್ರಿ.ಶ. ಮೊದಲ ಶತಮಾನದ ಕವಿ ಮಾರ್ಷಿಯಲ್ ಬಾಸಸ್ ಎಂಬವನನ್ನು ಗೇಲಿ ಮಾಡುತ್ತಾನೆ. ಬಾಸಸ್‌ನ ಗಾಡಿಯ ತುಂಬ ಕೋಸು, ಲೆಟಿಸ್, ಮೊಲ, ಹುಲ್ಲಿನಲ್ಲಿ ಸುತ್ತಿದ ಮೊಟ್ಟೆ. ತೋಟದಿಂದ ಪಟ್ಟಣಕ್ಕೆ ಹೊರಟಿದ್ದಾನೆಯೇ? ಇಲ್ಲ, ಪಟ್ಟಣದಿಂದ ತೋಟಕ್ಕೆ! ಅವನ ವಿಲ್ಲಾದಲ್ಲಿ ನೋಡಲು ಎಲ್ಲ ಇದೆ, ತಿನ್ನಲು ಏನೂ ಇಲ್ಲ. ಆದರೆ ಈ ಹಾಸ್ಯಕ್ಕೆ ರೋಮಿನವರು ನಕ್ಕದ್ದು ಯಾಕೆ? ವಿಲ್ಲಾದಿಂದ ತರಕಾರಿ ಪಟ್ಟಣಕ್ಕೆ ಬರುವುದು ವಾಡಿಕೆಯಾಗಿದ್ದರಿಂದ. ಬಾಸಸ್‌ನನ್ನೇ ಮಾದರಿ ಎಂದುಕೊಂಡರೆ ಕವಿಯ ಗೇಲಿಯೇ ಕೆಟ್ಟುಹೋಗುತ್ತದೆ.

ಸುಖದ ಸಾಮಗ್ರಿಯಿಂದಲೇ ದುಡ್ಡು ಹುಟ್ಟುತ್ತಿದ್ದುದೂ ಉಂಟು. ಕ್ರಿ.ಪೂ. 37ರಲ್ಲಿ ಬೇಸಾಯದ ಬಗ್ಗೆ ಪುಸ್ತಕ ಬರೆದ ವಾರೋ, ತನ್ನ ಚಿಕ್ಕಮ್ಮನ ವಿಲ್ಲಾದ ಲೆಕ್ಕ ಕೊಡುತ್ತಾನೆ. ಅಲ್ಲಿನ ಪಂಜರದಿಂದ 5,000 ಥ್ರಷ್ ಹಕ್ಕಿಗಳು ಔತಣದೂಟಗಳಿಗೆ ಮಾರಾಟವಾದವು. ಹಕ್ಕಿಗೆ 3 ದಿನಾರಿಯಸ್ (ಒಂದು ದಿನಾರಿಯಸ್ ನಾಣ್ಯಕ್ಕೆ 4 ಸೆಸ್ಟರ್ಸ್), ಒಟ್ಟು 60,000 ಸೆಸ್ಟರ್ಸ್. ಸಾಮಾನ್ಯ ಸೈನಿಕನ ವರ್ಷದ ಸಂಬಳ 900 ಸೆಸ್ಟರ್ಸ್ ಇದ್ದ ಕಾಲ ಅದು. 200 ಯುಗೆರಾ, ಅಂದರೆ ಸುಮಾರು 125 ಎಕರೆಯ ಜಮೀನಿನ ಹುಟ್ಟುವಳಿಗಿಂತ ಈ ಹಕ್ಕಿಗಳ ಗಳಿಕೆ ಇಮ್ಮಡಿ ಎಂದು ಅವನ ಪುಸ್ತಕದಲ್ಲೇ ಇದೆ. ಈ ಪಂಜರವನ್ನು ವಿಹಾರದ ಖಾತೆಗೆ ಹಾಕುವಿರೋ, ವ್ಯಾಪಾರದ ಖಾತೆಗೋ?

ಇನ್ನು ನಿಮ್ಮ ಪ್ಲಿನಿ, ಕ್ರಿ.ಶ. 100ರ ಆಸುಪಾಸಿನ ಸೆನೆಟರ್ ಕಿರಿಯ ಪ್ಲಿನಿ. ಅವನ ಪತ್ರಗಳಲ್ಲಿ ಎಲ್ಲರೂ ಓದುವುದು ಎರಡನ್ನು: ರೋಮಿನಿಂದ 17 ಮೈಲಿಯ ಲಾರೆಂಟಮ್ ಕಡಲತೀರದ ಮನೆಯ ವರ್ಣನೆ, ಟೈಬರ್ ನದಿಯ ಮೇಲ್ಗಣಿವೆಯ ಮನೆಯ ವರ್ಣನೆ. ಬಿಸಿಲು ಬೀಳುವ ಕೋಣೆ, ಅಲೆಯ ಸದ್ದು ಕೇಳದ ಕೋಣೆ, ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಗಿಡಗಳು. ಇಷ್ಟನ್ನೇ ಓದಿದವರಿಗೆ ನಿಮ್ಮ ಅಭಿಪ್ರಾಯವೇ ಮೂಡುತ್ತದೆ. ಅವನ ಗೊಣಗಾಟದ ಪತ್ರಗಳನ್ನೂ ಓದಬೇಕು. ನನಗಂತೂ ಅವೇ ಹೆಚ್ಚು ಇಷ್ಟ.

ಒಮ್ಮೆ ಗೆಳೆಯನೊಬ್ಬ ರೋಮಿನಲ್ಲಿ ಕಾನ್ಸಲ್ (ಅತ್ಯುನ್ನತ ಅಧಿಕಾರಿ) ಪದವಿಗೆ ಏರುತ್ತಿದ್ದಾನೆ. ಪ್ಲಿನಿ ಹೋಗುವುದಿಲ್ಲ. ಕಾರಣ, ಜಮೀನನ್ನು ಹೊಸದಾಗಿ ಗೇಣಿಗೆ ಕೊಡಬೇಕು. ಕಳೆದ ಐದು ವರ್ಷದ ಅವಧಿಯಲ್ಲಿ ಎಷ್ಟೇ ಮಾಫಿ ಮಾಡಿದರೂ ಬಾಕಿ ಬೆಳೆಯುತ್ತಲೇ ಹೋಯಿತು. ಸಾಲ ತೀರುವ ಆಸೆಯೇ ಬತ್ತಿದ ಒಕ್ಕಲುಗಳು, ಉಳಿಸಿದರೆ ನಮಗೇನು ಎಂದು ಬೆಳೆದದ್ದನ್ನೆಲ್ಲ ತಿಂದು ಕೂತಿದ್ದಾರೆ. ಇನ್ನು ಹಣದ ಗೇಣಿ ಬೇಡ, ಬೆಳೆಯಲ್ಲೇ ಪಾಲು ತೆಗೆದುಕೊಳ್ಳುತ್ತೇನೆ, ಕಣ್ಣಿಡಲು ನನ್ನ ಕಡೆಯ ಆಳುಗಳನ್ನೇ ಹಾಕುತ್ತೇನೆ ಎನ್ನುತ್ತಾನೆ. ಗೇಣಿ, ಕೋರು ಎರಡನ್ನೂ ಕಂಡ ನಮ್ಮ ಹಿರಿಯರಿಗೆ ಈ ಪತ್ರಕ್ಕೆ ಟಿಪ್ಪಣಿ ಬೇಕಿಲ್ಲ.

ಇನ್ನೊಂದು ಪತ್ರ ಇನ್ನೂ ಸ್ವಾರಸ್ಯ. ಪಕ್ಕದ ಜಮೀನು ಮಾರಾಟಕ್ಕಿದೆ. ಹಿಂದೆ 50 ಲಕ್ಷ ಸೆಸ್ಟರ್ಸ್ ಬಾಳುತ್ತಿದ್ದದ್ದು ಈಗ 30 ಲಕ್ಷಕ್ಕೆ ಇಳಿದಿದೆ. ಬಾಕಿಗಾಗಿ ಹಳೆಯ ಧಣಿ ಒಕ್ಕಲುಗಳ ಅಡವಿನ ಸಾಮಾನನ್ನೇ ಮಾರಿಸಿದ್ದರಿಂದ ಅವರ ಕೈ ಬರಿದಾಗಿದೆ. ಕೊಳ್ಳಲೇ? ಪ್ಲಿನಿ ಬೆರಳು ಮಡಚಿ ಎಣಿಸುತ್ತಾನೆ: ಎರಡು ಜಮೀನಿಗೂ ಒಬ್ಬನೇ ಪಾರುಪತ್ಯಗಾರ ಸಾಕು, ಒಂದೇ ಪ್ರಯಾಣದಲ್ಲಿ ಎರಡನ್ನೂ ನೋಡಿ ಬರಬಹುದು, ಒಂದು ವಿಲ್ಲಾವನ್ನು ವಾಸಕ್ಕೆ ಸಜ್ಜಾಗಿಟ್ಟು ಇನ್ನೊಂದನ್ನು ಬೀಳದಂತೆ ನೋಡಿಕೊಂಡರಾಯಿತು. ದುಡ್ಡು ಸಾಲದಿದ್ದರೆ ಅತ್ತೆಯ ಪೆಟ್ಟಿಗೆ ಇದ್ದೇ ಇದೆ, ನನ್ನದೇ ಎಂಬಂತೆ ಬಳಸುತ್ತೇನೆ ಎಂದೂ ಸೇರಿಸುತ್ತಾನೆ! ವಾಸದ ಸುಖವೂ ಜಮೀನಿನ ಆದಾಯವೂ ಇಲ್ಲಿ ಒಂದೇ ಲೆಕ್ಕದ ಪುಸ್ತಕದಲ್ಲಿವೆ. ನಮ್ಮ ಲೇಖನದ 'ಎರಡೂ ಹೌದು' ಎಂಬ ಮಾತು ಜಾರಿಕೆಯಲ್ಲ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ನ್ಯಾಯವಾಗಿ ಒಂದನ್ನು ಒಪ್ಪಬೇಕು: ಲಾರೆಂಟಮ್‌ನಲ್ಲಿ ಪ್ಲಿನಿಗೆ ಜಮೀನಿರಲಿಲ್ಲ. ಅಲ್ಲಿ ಮನೆ, ಕೈತೋಟ, ಮರಳು, ಇಷ್ಟೇ. ಕಣಜದ ಬದಲು ಅಲ್ಲಿ ತುಂಬುವುದು ನನ್ನ ಬರಹದ ಪೆಟ್ಟಿಗೆ ಎಂದು ಅವನೇ ಹೇಳುತ್ತಾನೆ. ಅಲ್ಲಿ ಕೂತು ಬರೆಯುವ ಬಿಡುವಿಗೆ ಬೇರೆ ಕಡೆಯ ಒಕ್ಕಲುಗಳ ಗೇಣಿ ಬೇಕಾಗಿತ್ತು.

ಬರಹ ಬಿಟ್ಟು ಮಣ್ಣಿನಲ್ಲಿ ಸಿಕ್ಕದ್ದನ್ನು ನೋಡೋಣ. ಇಟಲಿಯ ವೆಸೂವಿಯಸ್ ಜ್ವಾಲಾಮುಖಿಯ ಬುಡದ ಬೊಸ್ಕೊರೆಯಾಲೆಯಲ್ಲಿ, ಕ್ರಿ.ಶ. 79ರ ಸ್ಫೋಟದಲ್ಲಿ ಹೂತುಹೋದ ವಿಲ್ಲಾ ರೆಜಿನಾ ಎಂಬ ಚಿಕ್ಕ ತೋಟದ ಮನೆ ಇದೆ. ಅಂಗಳದಲ್ಲಿ 18 ಗುಡಾಣಗಳನ್ನು, ನಮ್ಮ ಹಗೇವುಗಳ ಹಾಗೆ, ಕತ್ತಿನವರೆಗೆ ನೆಲದಲ್ಲಿ ಹೂತಿದ್ದಾರೆ. ಅವುಗಳಲ್ಲಿ ಸುಮಾರು 10,000 ಲೀಟರ್ ದ್ರಾಕ್ಷಾರಸ ಹಿಡಿಯುತ್ತಿತ್ತು. ಅದೇ ಊರಿನ ಪಿಸಾನೆಲ್ಲಾ ವಿಲ್ಲಾದಲ್ಲಿ ಗುಡಾಣಗಳು 80ಕ್ಕೂ ಹೆಚ್ಚು. ಅಲ್ಲಿ 1895ರಲ್ಲಿ ಬೆಳ್ಳಿಯ ನಿಧಿ ಸಿಕ್ಕಿತು: 109 ಸಾಮಾನು, ಸಾವಿರಕ್ಕೂ ಮಿಕ್ಕಿದ ಚಿನ್ನದ ನಾಣ್ಯ. ಪಾತ್ರೆಗಳಲ್ಲಿ ಬಹುಪಾಲು ಈಗ ಪ್ಯಾರಿಸ್‌ನ ಲೂವ್ರ್‌ನಲ್ಲಿವೆ. ಅವನ್ನು ಅಡಗಿಸಿಟ್ಟಿದ್ದ ಜಾಗ ಮಾತ್ರ ಶಯನಗೃಹವಲ್ಲ, ದ್ರಾಕ್ಷಿ ಹಿಂಡುವ ಕೋಣೆಯ ತೊಟ್ಟಿ. ಇದೇ ಕಂಪಾನಿಯಾ ಸೀಮೆಯ ದ್ರಾಕ್ಷಾರಸದ ಜಾಡಿಗಳ ಚೂರುಗಳು ಪುದುಚೇರಿ ಬಳಿಯ ಅರಿಕಮೇಡುವಿನಲ್ಲೂ ಸಿಕ್ಕಿವೆ.

ದುಡಿಮೆಯೇ ನೋಟವಾದ ಉದಾಹರಣೆಯೂ ಇದೆ. ರೋಮಿನ ಹೊರವಲಯದ ಆಪಿಯಾ ರಸ್ತೆಯ ಕ್ವಿಂಟಿಲಿ ವಿಲ್ಲಾ 3ನೇ ಶತಮಾನದ ಹೊತ್ತಿಗೆ ಚಕ್ರವರ್ತಿಗಳ ಕೈಯಲ್ಲಿತ್ತು. ಅಲ್ಲಿ ಬೆಳಕಿಗೆ ಬಂದ ದ್ರಾಕ್ಷಾರಸದ ಕಾರ್ಖಾನೆಯ ವಿವರ 2023ರಲ್ಲಿ ಪ್ರಕಟವಾಯಿತು. ದ್ರಾಕ್ಷಿ ತುಳಿಯುವ ನೆಲಕ್ಕೆ ವಾಡಿಕೆಯ ಗಾರೆಯ ಬದಲು ಕೆಂಪು ಅಮೃತಶಿಲೆ. ಹಿಂಡಿದ ರಸ ಕಾರಂಜಿಯಂತೆ ಗೋಡೆಯ ಗೂಡುಗಳಿಂದ ಇಳಿದು, ಕಾಲುವೆಯಲ್ಲಿ ಹರಿದು ಗುಡಾಣ ಸೇರುತ್ತಿತ್ತು. ಸುತ್ತಲಿನ ಊಟದ ಕೋಣೆಗಳು ಅದಕ್ಕೆ ಎದುರಾಗಿದ್ದವು. ಅತಿಥಿಗಳು ಉಣ್ಣುತ್ತ ನೋಡಲಿ ಎಂದೇ ಈ ಏರ್ಪಾಟು. ಒದ್ದೆಯಾದ ಅಮೃತಶಿಲೆಯ ಮೇಲೆ ಕಾಲು ಜಾರದೆ ದ್ರಾಕ್ಷಿ ತುಳಿಯುವುದು ಆಳಿನ ಪಾಡು.

ಆ ಆಳುಗಳ ಮಾತು ನಿಮ್ಮ ಪತ್ರದಲ್ಲಿಲ್ಲ, ಆದರೂ ಹೇಳುತ್ತೇನೆ. ಅದೇ ಸ್ಫೋಟದಲ್ಲಿ ಹೂತುಹೋದ ಪಾಂಪೆ ಪಟ್ಟಣದ ಹೊರಗಿನ ಚಿವಿಟಾ ಜೂಲಿಯಾನಾ ವಿಲ್ಲಾದಲ್ಲಿ 2021ರಲ್ಲಿ ಗುಲಾಮರದೆಂದು ಗುರುತಿಸಲಾದ ಒಂದು ಕೋಣೆ ಸಿಕ್ಕಿತು. ಒಟ್ಟು ವಿಸ್ತಾರ 16 ಚದರ ಮೀಟರ್. ಮೂರು ಮಂಚ, ಎರಡು 1.70 ಮೀಟರ್, ಒಂದು 1.40, ಬಹುಶಃ ಮಗುವಿನದು. ಹಾಸಿಗೆಯಿಲ್ಲ, ಹುರಿ ಹೆಣೆದದ್ದು. ಮಿಕ್ಕ ಜಾಗದಲ್ಲಿ ಜಾಡಿಗಳು, ಕುದುರೆಯ ಸಜ್ಜು, ಗಾಡಿಯ ಮೂಕಿ. ಮನುಷ್ಯರು ಮಲಗುವ ಜಾಗವೇ ಉಗ್ರಾಣವೂ ಆಗಿತ್ತು. ಮುದಿ ಎತ್ತಿನ ಜೊತೆಗೆ ಮುದಿ ಗುಲಾಮನನ್ನೂ ಮಾರಿಬಿಡು ಎಂದು ರೋಮಿನ ರಾಜಕಾರಣಿ ಕೇಟೋ ಕ್ರಿ.ಪೂ. 2ನೇ ಶತಮಾನದಲ್ಲೇ ಧಣಿಗಳಿಗೆ ಬುದ್ಧಿ ಹೇಳಿದ್ದ.

ಕೊನೆಗೆ ನಕ್ಷೆ. ಪ್ಲಿನಿಯ ಲಾರೆಂಟಮ್ ಮನೆ ಇದ್ದ ಜಾಗ ಯಾವುದೆಂದು ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. 1615ರಲ್ಲಿ ಸ್ಕಾಮೊಟ್ಸಿ, 1728ರಲ್ಲಿ ರಾಬರ್ಟ್ ಕ್ಯಾಸ್ಟೆಲ್, ಆಮೇಲೆ ಶಿಂಕೆಲ್, ಹೀಗೆ ವಾಸ್ತುಶಿಲ್ಪಿಗಳು ಪತ್ರ ಓದಿ ತಮಗೆ ತೋಚಿದಂತೆ ಬರೆದ ನಕ್ಷೆಗಳಿವೆ; ಒಂದು ಇನ್ನೊಂದನ್ನು ಹೋಲುವುದಿಲ್ಲ. ಅವುಗಳಲ್ಲಿ ಒಂದನ್ನು ಆರಿಸಿ ಇದೇ ಪ್ಲಿನಿಯ ಮನೆ ಎಂದು ಅಚ್ಚು ಹಾಕಲು ಮನಸ್ಸು ಒಪ್ಪಲಿಲ್ಲ. ಅಗೆದು ಅಳತೆ ಮಾಡಿರುವ ವಿಲ್ಲಾ ರೆಜಿನಾದ ನಕ್ಷೆಯನ್ನು ಮುಂದಿನ ಸಂಚಿಕೆಯಲ್ಲಿ ಕೊಡುತ್ತೇವೆ.

— ಸಂಪಾದಕ