ಆ ಸಾಲ ಅವನದಲ್ಲ

ಹದಿನೈದರ ಹುಡುಗ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಇಂಥ ಮಕ್ಕಳ ಜೊತೆ ಕೆಲಸ ಮಾಡುವ ನನ್ನ ಹತ್ತಿರ ತಾಯಿ ಬಂದಿದ್ದು ದೂರು ಹೇಳೋಕೆ. "ಮಾತು ಕೇಳಲ್ಲ ಮೇಡಂ. ಶಾಲೆಗೆ ಚಕ್ಕರ್. ರಾತ್ರಿ ಎಲ್ಲಿಗೋ ಹೋಗ್ತಾನೆ." ಮಾತಿನ ನಡುವೆ ಹೊಸ ಶೂ ಬಂತು, ಮನೆಯವರು ಕೊಡಿಸದ ಎರಡನೇ ಫೋನು ಬಂತು. ಅಲ್ಲಿಗೆ ನನಗೆ ಅನುಮಾನ ಶುರುವಾಯಿತು.

ಮೊದಲೆರಡು ಭೇಟಿಯಲ್ಲಿ ಅವನು ಬಾಯಿ ಬಿಡಲಿಲ್ಲ. ಅದು ಹಟವಲ್ಲ, ಭಯ. ನಾನು ಒಂದೇ ಮಾತು ಹೇಳಿದ್ದೆ: "ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ನಾನು ಸುಮ್ನೆ ಇರೋಕಾಗಲ್ಲ. ಆದರೆ ಯಾರಿಗೆ ಹೇಳ್ತೀನಿ ಅಂತ ಮೊದಲು ನಿನಗೇ ತಿಳಿಸ್ತೀನಿ." ಮೂರನೇ ಸಲ ಅವನೇ ಕೇಳಿದ, "ಸಾಲ ಕೊಡದಿದ್ರೆ ಅಮ್ಮನಿಗೆ ಏನಾದ್ರೂ ಮಾಡ್ತಾರಾ?"

ಅಪ್ಪ ಮನೆ ಬಿಟ್ಟುಹೋದ ವರ್ಷ ಒಬ್ಬ 'ಅಣ್ಣ' ಸಿಕ್ಕಿದ್ದ. ಶೂ ಕೊಡಿಸಿದ. ಅದಕ್ಕಿಂತ ಹೆಚ್ಚಾಗಿ, ಕೂತು ಇವನ ಮಾತು ಕೇಳಿದ. ಆಮೇಲೆ ಒಂದು ಪೊಟ್ಟಣ ತಲುಪಿಸು ಅಂದ. ಒಳಗಿದ್ದದ್ದು ಮಾದಕ ವಸ್ತು. ಮೂರನೆಯ ಪೊಟ್ಟಣವನ್ನು ದಾರಿಯಲ್ಲಿ ಇಬ್ಬರು ಕಿತ್ತುಕೊಂಡರು. ಅದರ ಬೆಲೆ ಇವನ ತಲೆಗೆ ಬಂತು, ಅಂದಿನಿಂದ ಹುಡುಗ ಸಾಲಗಾರ. ಕಿತ್ತುಕೊಳ್ಳಲು ಕಳಿಸಿದ್ದು ಆ ಅಣ್ಣನೇ ಇರಬಹುದು. ಮಕ್ಕಳನ್ನು ಕಟ್ಟಿಹಾಕಲು ಇಂಥ ಗುಂಪುಗಳು ಹೂಡುವ ಆಟ ಇದು. ಹಾಗೆಂದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ.

ಮಕ್ಕಳನ್ನು ಮಾದಕ ವಸ್ತು ಸಾಗಿಸಲು ಬಳಸುವುದನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1999ರ 182ನೇ ಒಪ್ಪಂದ ಬಾಲಕಾರ್ಮಿಕತೆಯ ಅತಿ ಕೆಟ್ಟ ರೂಪಗಳಲ್ಲಿ ಸೇರಿಸಿದೆ. ತಾಯಿಗೆ ಇದನ್ನು ಬೇಕೆಂದೇ ಹೇಳಿದೆ. ಮಗನನ್ನು ಅಪರಾಧಿ ಅಂತಲೇ ನೋಡುತ್ತಿದ್ದರು, ಅವರ ಕಣ್ಣಲ್ಲಿ ಅದು ಮೊದಲು ಬದಲಾಗಬೇಕಿತ್ತು.

ಹೇಗಾದರೂ ಹಣ ಹೊಂದಿಸಿ ಕೊಟ್ಟುಬಿಡ್ತೀನಿ ಅಂದರು. ಬೇಡ ಅಂದೆ. ಕೊಟ್ಟರೆ ಆ ಸಾಲ ತೀರಲ್ಲ, ಇನ್ನೂ ಜಾಸ್ತಿ ಆಗುತ್ತೆ. ಆ ಅಣ್ಣನನ್ನು ಹುಡುಕಿಕೊಂಡು ಜಗಳಕ್ಕೆ ಹೋಗಬೇಡಿ. ಫೋನು ಒಡೆಯಬೇಡಿ, ಮೆಸೇಜು ಅಳಿಸಬೇಡಿ, ಅದೇ ಸಾಕ್ಷಿ. ಅವನು ಕಾಣೆಯಾದ ದಿನ, ಹೊತ್ತು, ತಂದು ಬಿಟ್ಟ ಗಾಡಿಯ ನಂಬರು ಬರೆದಿಡಿ. ತಡವಾಗಿ ಬಂದ ರಾತ್ರಿ ವಿಚಾರಣೆ ಬೇಡ, ಊಟ ಹಾಕಿ.

ಪೊಲೀಸರ ಹತ್ತಿರ ತಾಯಿ-ಮಗ ಇಬ್ಬರನ್ನೇ ಕಳಿಸಲಿಲ್ಲ. ಹುಡುಗನೇ ಆರೋಪಿಯಾಗಿಬಿಟ್ಟರೆ ಅನ್ನುವ ಆತಂಕ ನನಗಿತ್ತು. ಅವನಿಗೆ ಮೊದಲೇ ತಿಳಿಸಿ, ವಕೀಲರನ್ನೂ ಮಕ್ಕಳ ರಕ್ಷಣಾ ಅಧಿಕಾರಿಯನ್ನೂ ಜೊತೆ ಮಾಡಿಕೊಂಡು ಹೋದೆವು. ಆಮೇಲೆ ಕೆಲವು ವಾರ ಅವನು ಚಿಕ್ಕಮ್ಮನ ಮನೆಯಲ್ಲಿದ್ದ.

ಫೋನು ರಿಂಗಾದರೆ ಈಗಲೂ ಬೆಚ್ಚುತ್ತಾನೆ. ಕಳೆದ ಭೇಟಿಯಲ್ಲಿ ತರಗತಿಯ ಇನ್ನೊಬ್ಬ ಹುಡುಗನ ಹೆಸರು ಹೇಳಿದ. ಅವನಿಗೂ ಅದೇ ಅಣ್ಣ ಶೂ ಕೊಡಿಸಿದ್ದಾನಂತೆ. "ಅವನ ಮನೆಯವರ ಹತ್ತಿರ ಮಾತಾಡ್ತೀರಾ ಮೇಡಂ?" ಅಂತ ಕೇಳಿದ. ನಾಳೆ ಅಲ್ಲಿಗೆ ಹೋಗುತ್ತಿದ್ದೇನೆ.