ಸೆಟ್ಟಿಂಗ್‌ಗಳನ್ನು ಬಚ್ಚಿಡುವುದು ಸರಿಯೇ?

ಪ್ರಶ್ನೆ: ಆಂಡ್ರಾಯ್ಡ್ ಫೋನಿನಲ್ಲಿ ‘ಡೆವಲಪರ್ ಆಪ್ಷನ್ಸ್’ ಎಂಬ ವಿಭಾಗವಿದೆಯೆಂದು ಕೇಳಿದ್ದೇನೆ, ಆದರೆ ನನ್ನ ಫೋನಿನಲ್ಲಿ ಎಷ್ಟು ಹುಡುಕಿದರೂ ಅದು ಸಿಗಲಿಲ್ಲ. ನಾವು ದುಡ್ಡು ಕೊಟ್ಟು ಕೊಂಡ ವಸ್ತುವಿನ ಸೌಲಭ್ಯಗಳನ್ನು ನಮ್ಮಿಂದಲೇ ಬಚ್ಚಿಡುವುದು ನ್ಯಾಯವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: 2012ರಲ್ಲಿ ಬಂದ ಆಂಡ್ರಾಯ್ಡ್ 4.2ರಿಂದೀಚೆಗೆ ಈ ವಿಭಾಗ ಮರೆಯಲ್ಲಿದೆ. ‘ಅಬೌಟ್ ಫೋನ್’ ಭಾಗಕ್ಕೆ ಹೋಗಿ ‘ಬಿಲ್ಡ್ ನಂಬರ್’ ಮೇಲೆ ಏಳು ಸಲ ಒತ್ತಿದರೆ ತೆರೆದುಕೊಳ್ಳುತ್ತದೆ. ಅಲ್ಲಿರುವ ಯುಎಸ್‌ಬಿ ಡೀಬಗಿಂಗ್‌ನಂತಹ (ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಆ್ಯಪ್ ಪರೀಕ್ಷಿಸಲು ನೆರವಾಗುವ) ಆಯ್ಕೆಗಳು ಆ್ಯಪ್ ತಯಾರಿಸುವವರಿಗೆ ಬೇಕಾದವು. ಅವನ್ನು ಆನ್ ಮಾಡಿಟ್ಟರೆ ಕೆಲವು ಬ್ಯಾಂಕ್ ಆ್ಯಪ್‌ಗಳು ಕೆಲಸ ಮಾಡಲೂ ಒಪ್ಪುವುದಿಲ್ಲ. ಬೇಕೆಂದವರು ತೆರೆದುಕೊಳ್ಳಬಹುದಾದ, ಬೇಡದವರ ಬೆರಳು ತಪ್ಪಿಯೂ ತಾಗದ ಈ ಏರ್ಪಾಡಿನಲ್ಲಿ ನನಗೆ ಅನ್ಯಾಯವೇನೂ ಕಾಣುವುದಿಲ್ಲ.

ನನ್ನ ತಕರಾರಿರುವುದು, ಆಯ್ಕೆಗಳ ಜೊತೆಗೆ ಬಳಕೆದಾರರ ಕಣ್ಣಿಗೆ ಬೀಳಲೇಬೇಕಾದ ಮಾಹಿತಿಯನ್ನೂ ಮರೆಮಾಡುವುದರ ಬಗ್ಗೆ. ಫೈಲಿನ ಹೆಸರಿನ ಕೊನೆಯಲ್ಲಿರುವ, ಅದು ಯಾವ ಬಗೆಯ ಫೈಲ್ ಎಂದು ತಿಳಿಸುವ ಎಕ್ಸ್‌ಟೆನ್ಷನ್ ಅನ್ನು ವಿಂಡೋಸ್ ಸಾಮಾನ್ಯವಾಗಿ ತೋರಿಸುವುದಿಲ್ಲ. ಸಾಮಾನ್ಯರಿಗೆ ಅದೇಕೆ ಎಂಬ ಎಣಿಕೆ. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ವೈರಸ್ ಇಮೇಲ್‌ಗಳ ಮೂಲಕ ಜಗತ್ತಿನಾದ್ಯಂತ ಹಬ್ಬಿದಾಗ, ಅದರ ಲಗತ್ತಿನ ಪೂರ್ಣ ಹೆಸರು ‘ಲವ್-ಲೆಟರ್-ಫಾರ್-ಯು.ಟಿಎಕ್ಸ್‌ಟಿ.ವಿಬಿಎಸ್’ ಎಂದಿತ್ತು. ಕೊನೆಯ ‘ವಿಬಿಎಸ್’ ಕಂಡಿದ್ದರೆ ಅದು ಕ್ಲಿಕ್ಕಿಸಿದೊಡನೆ ಓಡುವ ಪ್ರೋಗ್ರಾಂ ಎಂದು ತಿಳಿದವರಾದರೂ ಎಚ್ಚರಗೊಳ್ಳುತ್ತಿದ್ದರು. ಆದರೆ ವಿಂಡೋಸ್ ಅಷ್ಟನ್ನೇ ಮರೆಮಾಡಿದ್ದರಿಂದ, ‘ಟಿಎಕ್ಸ್‌ಟಿ’ಗೆ ಮುಗಿಯುವ ಹೆಸರನ್ನು ಕಂಡ ಅನೇಕರು ಸಾದಾ ಪತ್ರವೆಂದೇ ನಂಬಿ ತೆರೆದರು. ಗೊಂದಲವಾಗದಿರಲೆಂದು ಮಾಡಿದ ಏರ್ಪಾಟು ವಂಚಕರ ಕೈಗೆ ಆಯುಧವಾಯಿತು.

ಮರೆಮಾಡುವುದಾದರೂ ಹೇಗಿರಬೇಕೆಂಬುದಕ್ಕೆ ಕಂಪ್ಯೂಟರಿನಲ್ಲಿ ವಿಡಿಯೊ ನೋಡಲು ಬಳಸುವ ವಿಎಲ್‌ಸಿ ಪ್ಲೇಯರ್ ಒಳ್ಳೆಯ ಮಾದರಿ. ಅದರ ಪ್ರಿಫರೆನ್ಸಸ್ ಕಿಟಕಿಯ ಕೆಳಭಾಗದಲ್ಲಿ ‘ಸಿಂಪಲ್’ ಮತ್ತು ‘ಆಲ್’ ಎಂಬ ಎರಡು ಆಯ್ಕೆಗಳಿವೆ. ಮೊದಲನೆಯದರಲ್ಲಿ ನಿತ್ಯ ಬೇಕಾದಷ್ಟೇ ಕಾಣುತ್ತದೆ, ಎರಡನೆಯದನ್ನು ಆರಿಸಿದರೆ ತಲೆ ತಿರುಗುವಷ್ಟು ಉದ್ದದ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಇನ್ನೂ ಏನೋ ಇದೆಯೆಂಬ ಸುಳಿವು ಎಲ್ಲರಿಗೂ ಸಿಗುತ್ತದೆ. ಜಾಹೀರಾತಿಗಾಗಿ ನಮ್ಮ ಚಟುವಟಿಕೆಯನ್ನು ಗಮನಿಸುವುದನ್ನು ನಿಲ್ಲಿಸುವ ಆಯ್ಕೆಯನ್ನು ಮೂರು ನಾಲ್ಕು ಮೆನುಗಳ ಆಳದಲ್ಲಿ ಹೂತಿಡುವ ಆ್ಯಪ್‌ಗಳಿಗೆ ಇದೇ ಸಮರ್ಥನೆ ಸಲ್ಲದು. ಅಲ್ಲಿ ಯಾರ ಅನುಕೂಲ ನೋಡಲಾಗಿದೆ ಎಂಬುದು ಸ್ಪಷ್ಟ.

ಆದ್ದರಿಂದ ನಿಮಗೆ ಆ್ಯಪ್ ತಯಾರಿಸುವ ಇರಾದೆ ಇಲ್ಲದಿದ್ದರೆ ಡೆವಲಪರ್ ಆಪ್ಷನ್ಸ್ ಗೊಡವೆಗೆ ಹೋಗಬೇಡಿ. ಆದರೆ ಮನೆಯಲ್ಲಿ ವಿಂಡೋಸ್ 11 ಕಂಪ್ಯೂಟರ್ ಇದ್ದರೆ, ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ ಮೆನುವಿನಲ್ಲಿ ‘ಶೋ’ ಎಂಬುದರ ಅಡಿ ಇರುವ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಆಯ್ಕೆಯನ್ನು ಇಂದೇ ಆನ್ ಮಾಡಿಕೊಳ್ಳಿ.