ಮಿಡತೆ ತಿಂದ ವರ್ಷಗಳು

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಬೈಬಲಿನ ಪ್ರವಾದಿ ಯೋವೇಲನ ಮಾತೊಂದಿತ್ತು: ಮಿಡತೆ ತಿಂದುಬಿಟ್ಟ ವರ್ಷಗಳನ್ನು ದೇವರು ತುಂಬಿಕೊಡುತ್ತಾನೆ ಎಂದು. ಬೆಳೆ ಮತ್ತೆ ಬಂದೀತು, ವರ್ಷ ಹೇಗೆ ಬರುತ್ತದೆ? ನನ್ನ ಮಗ ತೀರಿಕೊಂಡು ಆರು ವರ್ಷವಾಯಿತು. ಆಸ್ತಿಯನ್ನೂ ಹತ್ತು ಮಕ್ಕಳನ್ನೂ ಕಳೆದುಕೊಂಡ ಬೈಬಲಿನ ಯೋಬನಿಗೆ ಆಮೇಲೆ ಬೇರೆ ಮಕ್ಕಳಾದರಂತೆ. ಅದೂ ಒಂದು ಸಮಾಧಾನವೇ? – ಒಬ್ಬ ತಾಯಿ

ಸಂಪಾದಕರ ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿದ ಮೇಲೆ ಎರಡು ದಿನ ಏನೂ ಬರೆಯಲಾಗಲಿಲ್ಲ.

ಯೋವೇಲನ ಮೊದಲ ಅಧ್ಯಾಯ ತೆರೆದರೆ ಅಂಜೂರದ ಮರ ಕಾಣುತ್ತದೆ. ಮಿಡತೆ ತೊಗಟೆಯನ್ನೂ ಸುಲಿದು ತಿಂದಿದೆ, ಕೊಂಬೆಗಳು ಬಿಳಿಚಿಕೊಂಡು ನಿಂತಿವೆ. ಅಂಥ ಮರ, ಅಂಥ ದ್ರಾಕ್ಷಿಬಳ್ಳಿ ಮುಂದಿನ ಮಳೆಗೇ ಫಲ ಕೊಡುವುದಿಲ್ಲ. ಹೊಸದಾಗಿ ನೆಟ್ಟು ವರ್ಷಗಟ್ಟಲೆ ಕಾಯಬೇಕು. ಅದಕ್ಕೇ ಅವನು ‘ಬೆಳೆ’ ಎನ್ನದೆ ‘ವರ್ಷಗಳು’ ಎನ್ನುತ್ತಾನೆ. ಹೋದದ್ದು ಎಷ್ಟೆಂದು ಅವನಿಗೆ ಗೊತ್ತಿತ್ತು.

ಇನ್ನು ‘ತುಂಬಿಕೊಡುವೆನು’ ಎಂಬ ಮಾತು. ಹೀಬ್ರೂವಿನಲ್ಲಿ ಅಲ್ಲಿರುವುದು ‘ಶಿಲ್ಲೇಮ್’ ಎಂಬ ಕ್ರಿಯಾಪದ. ಅದು ಪಂಚಾಯಿತಿ ಕಟ್ಟೆಯ ಮಾತು. ಒಬ್ಬನ ದನ ಇನ್ನೊಬ್ಬನ ಹೊಲಕ್ಕೆ ನುಗ್ಗಿ ಮೇಯ್ದರೆ, ದನದ ಒಡೆಯ ತನ್ನ ಹೊಲದ ಒಳ್ಳೆಯ ಫಸಲಿನಿಂದ ನಷ್ಟ ಕಟ್ಟಿಕೊಡಬೇಕು ಎಂದು ಬೈಬಲಿನ ವಿಮೋಚನಕಾಂಡದ 22ನೆಯ ಅಧ್ಯಾಯ ವಿಧಿಸುತ್ತದೆ. ಅಲ್ಲೂ ಇದೇ ಪದ. ಯೋವೇಲನಲ್ಲಿ ದೇವರು ಮಿಡತೆಯ ದಂಡನ್ನು ‘ನಾನು ಕಳುಹಿಸಿದ ನನ್ನ ಸೈನ್ಯ’ ಎನ್ನುತ್ತಾನೆ, ಮರುಕ್ಷಣವೇ ಹೊಲ ಮೇಯ್ದ ದನದ ಒಡೆಯನಂತೆ ನಷ್ಟ ಕಟ್ಟಲು ನಿಲ್ಲುತ್ತಾನೆ. ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಸರ್ವಾಧಿಪತಿ ತಾನಾಗಿಯೇ ಲೆಕ್ಕ ತೆರೆಯುತ್ತಾನೆ. ನಾನು ನಂಬಿರುವ ದೇವರ ಒಡೆತನ ಇದು.

ಆದರೆ ಈ ಮಾತನ್ನು ನಿಮ್ಮ ಮಗನ ಸಾವಿಗೆ ತಂದು ಅಂಟಿಸಲಾರೆ. ಯೋಬನ ಗೆಳೆಯರು ಅವನ ದುಃಖಕ್ಕೆ ಕಾರಣ ಹೇಳಲು ಹೋಗಿ ದೇವರ ಕೋಪಕ್ಕೆ ಗುರಿಯಾದರು.

ಯೋಬನ ಪುಸ್ತಕದ ಕೊನೆಯ ಅಧ್ಯಾಯದ ಲೆಕ್ಕ ನೋಡಿ. 7000 ಇದ್ದ ಕುರಿ 14000 ಆದವು, 3000 ಒಂಟೆ 6000 ಆದವು. ಮಕ್ಕಳು ಮಾತ್ರ ಮೊದಲಿನಷ್ಟೇ, 7 ಗಂಡು, 3 ಹೆಣ್ಣು. ಮೊದಲಿನ ಹತ್ತು ಮಂದಿ ದೇವರ ಬಳಿ ಇದ್ದಾರೆ, ಹಾಗಾಗಿ ಅವರೂ ಎರಡರಷ್ಟೇ ಆದರು ಎಂದು ಓದುವವರಿದ್ದಾರೆ. ನನ್ನ ಕಣ್ಣು ನಿಲ್ಲುವುದು ಬೇರೆ ಕಡೆ. ಸತ್ತವರ ‘ಬದಲಿಗೆ’ ಇವರು ಹುಟ್ಟಿದರು ಎಂದು ಆ ಅಧ್ಯಾಯ ಎಲ್ಲೂ ಹೇಳುವುದಿಲ್ಲ. ದೇವರಾದ ಯೆಹೋವನು ಎರಡರಷ್ಟು ಕೊಟ್ಟನು ಎಂದು 10ನೆಯ ವಚನ ಹೇಳುತ್ತದೆ. 11ನೆಯ ವಚನದಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು, ಹಳೆಯ ಪರಿಚಯದವರೆಲ್ಲ ಅವನ ಮನೆಗೆ ಬಂದು, ಜೊತೆಗೆ ಕೂತು ಉಂಡು, ಅವನಿಗಾಗಿ ಮರುಗಿ ಸಂತೈಸುತ್ತಾರೆ. ಎರಡರಷ್ಟು ಸಿಕ್ಕವನಿಗೂ ಸಂತೈಸುವವರು ಬೇಕಾಗಿದ್ದರು. ಹಾಗಾಗಿ ನೀವು ಇನ್ನೂ ಅಳುತ್ತಿದ್ದರೆ ಅದು ಅಪನಂಬಿಕೆಯಲ್ಲ, ಅಮ್ಮಾ.

ಪತ್ರದ ಕೊನೆಯಲ್ಲಿ ಮಗನ ಹೆಸರು ಬರೆದಿದ್ದೀರಿ. ಇಲ್ಲಿ ಅಚ್ಚು ಹಾಕಿಲ್ಲ. ದಿನಾ ಬೆಳಗ್ಗೆ ಪ್ರಾರ್ಥನೆಯಲ್ಲಿ ಹೇಳುತ್ತಿದ್ದೇನೆ.